ಎಂಟು ಜನ, ಐವತ್ತು ಮೊಮೊ, ಒಂದು ಇಡ್ಲಿ ಪಾತ್ರೆ

ಮೊದಲ ಸಲ ಮಾಡಿದ ಇಪ್ಪತ್ತು ಮೊಮೊಗಳಲ್ಲಿ ಪೂರ್ತಿಯಾಗಿ ತಟ್ಟೆಗೆ ಬಂದದ್ದು ನಾಲ್ಕೇ. ಉಳಿದವುಗಳ ತಳ ಇಡ್ಲಿ ತಟ್ಟೆಯ ಗುಳಿಯಲ್ಲೇ ಉಳಿಯಿತು. ಮೇಲಿನ ಟೋಪಿ ಮಾತ್ರ ನನ್ನ ಕೈಗೆ ಬಂತು. ಒಳಗಿದ್ದ ಕೋಸು ನೀರಿನ ಸಮೇತ ಕೆಳಗಿನ ಪಾತ್ರೆಗೆ ಇಳಿದಿತ್ತು. ಅಮ್ಮ ಒಳಗೆ ಬಂದು ಮುಚ್ಚಳ ಎತ್ತಿ ನೋಡಿದಳು. "ಏನೋ ಇದು, ಸಾರು ಮಾಡಿದ್ದಾ?"

ಎರಡು ವಾರ ಬಿಟ್ಟು ಶನಿವಾರ ಸಂಜೆ ಎಂಟು ಜನ ಗೆಳೆಯರು ಮನೆಗೆ ಬರುವವರಿದ್ದರು. ಊಟದ ಚಿಂತೆ ಇರಲಿಲ್ಲ, ಬಿಸಿಬೇಳೆಬಾತು, ಮೊಸರನ್ನ ಅಂತ ಆಗಲೇ ತೀರ್ಮಾನವಾಗಿತ್ತು. ತೊಂದರೆ ಇದ್ದದ್ದು ಅದಕ್ಕೆ ಮುಂಚಿನ ಸ್ಟಾರ್ಟರ್‌ಗಳದ್ದು. ಪ್ರತಿಸಲ ಬೋಂಡಾನೋ ಗೋಬಿ ಮಂಚೂರಿನೋ ಮಾಡುತ್ತೇನೆ. ಎಲ್ಲರೂ ಹಾಲ್‌ನಲ್ಲಿ ಹರಟುತ್ತಿರುತ್ತಾರೆ, ನಾನು ಎಣ್ಣೆ ಬಾಣಲೆ ಮುಂದೆ ಬೆವರು ಒರೆಸಿಕೊಳ್ಳುತ್ತಾ ನಿಂತಿರುತ್ತೇನೆ. ಈ ಸಲ ಕರಿಯುವುದು ಬೇಡ, ಬಂದವರ ಜೊತೆ ಕೂತು ತಿನ್ನುವಂಥದ್ದೇ ಮಾಡಬೇಕು ಅಂದುಕೊಂಡೆ. ಪಟ್ಟಿ ಮೂರಕ್ಕೆ ನಿಂತಿತು: ಟಿಬೆಟಿಯನ್ ಮೊಮೊ, ವಿಯೆಟ್ನಾಮಿನ ಅಕ್ಕಿ ಹಾಳೆಯ ರೋಲ್, ಚೀನೀಯರ ಜಜ್ಜಿದ ಸೌತೆಕಾಯಿ.

ಮೊಮೊ ಯಾಕೆ ಅಂದರೆ, ಅಜ್ಜಿಮನೆ ಶಿರಸಿ ಕಡೆ. ಬೇಸಿಗೆ ರಜೆಯಲ್ಲಿ ಮಾವ ಒಂದೆರಡು ಸಲ ಮುಂಡಗೋಡಿನ ಟಿಬೆಟಿಯನ್ ಕ್ಯಾಂಪಿಗೆ ಕರೆದುಕೊಂಡು ಹೋಗಿದ್ದರು. 1966ರಲ್ಲಿ ಶುರುವಾದ ನಿರಾಶ್ರಿತರ ಊರು ಅದು. ದೇವಸ್ಥಾನ ನೋಡಿದ ನೆನಪು ಅಷ್ಟಕ್ಕಷ್ಟೆ. ಮೂರು ಅಂತಸ್ತಿನ ಅಲ್ಯೂಮಿನಿಯಂ ಪಾತ್ರೆಯ ಮುಚ್ಚಳ ತೆಗೆದಾಗ ಮುಖಕ್ಕೆ ಬಡಿದ ಹಬೆ ಮಾತ್ರ ಚೆನ್ನಾಗಿ ನೆನಪಿದೆ. ಟಿಬೆಟಿನಲ್ಲಿ ಮೊಮೊ ಅಂದರೆ ಹೆಚ್ಚಾಗಿ ಮಾಂಸದ್ದೇ. ಕೋಸು, ಪನೀರು ಸೇರಿಕೊಂಡದ್ದು ಇಲ್ಲಿಗೆ ಬಂದ ಮೇಲೆ. ಬರುವ ಎಂಟು ಜನರಲ್ಲಿ ಐದು ಜನ ಸಸ್ಯಾಹಾರಿಗಳು, ಹಾಗಾಗಿ ನನ್ನದೂ ಕೋಸು-ಪನೀರೇ.

ಮೊದಲ ಸುತ್ತು: ಎಲ್ಲೆಲ್ಲಿ ಕೆಟ್ಟಿತು

200 ಗ್ರಾಂ ಮೈದಾ, ನಲ್ಲಿಯ ತಣ್ಣೀರು, ಚಿಟಿಕೆ ಉಪ್ಪು. ಚಪಾತಿ ಹಿಟ್ಟಿನ ಹಾಗೆ ಕಲಸಿ, ಕಲಸಿದ ಕೂಡಲೇ ಲಟ್ಟಿಸಲು ಕೂತೆ. ಲಟ್ಟಣಿಗೆ ಮುಂದಕ್ಕೆ ಹೋದರೆ ಹಾಳೆ ಹಿಂದಕ್ಕೆ ಬರುತ್ತಿತ್ತು. ಎಂಟು ಸೆಂಟಿಮೀಟರ್ ಅಗಲ ಮಾಡಿ ಕೈ ತೆಗೆದರೆ ಆರಕ್ಕೆ ಕುಗ್ಗುತ್ತಿತ್ತು, ರಬ್ಬರ್ ಬ್ಯಾಂಡಿನ ಹಾಗೆ. ಬೇಸತ್ತು ದಪ್ಪಗೆ ಇರುವಾಗಲೇ ಮಡಚಿದೆ. ಬೆಂದ ಮೇಲೆ ಮೇಲಿನ ಗಂಟು ಒಳಗೆ ಹಸಿ ಹಿಟ್ಟಾಗಿಯೇ ಇತ್ತು.

ಹೂರಣದಲ್ಲೂ ತಪ್ಪಾಗಿತ್ತು. ಕೋಸು, ಕ್ಯಾರೆಟ್ ತುರಿದು, ಉಪ್ಪು ಹಾಕಿ ಕಲಸಿ ನೇರವಾಗಿ ತುಂಬಿದ್ದೆ. ಹತ್ತನೇ ಮೊಮೊ ಮಾಡುವ ಹೊತ್ತಿಗೆ ಬಟ್ಟಲಿನ ತಳದಲ್ಲಿ ನೀರು ನಿಂತಿತ್ತು. ಉಪ್ಪು ಬಿದ್ದ ಕೋಸು ನೀರು ಬಿಡದೆ ಇರುತ್ತದಾ? ಉಪ್ಪಿನಕಾಯಿ ಹಾಕುವ ಮನೆಯಲ್ಲಿ ಹುಟ್ಟಿ ಇಷ್ಟು ಹೊಳೆಯಲಿಲ್ಲವಲ್ಲ ಅಂತ ನನಗೇ ನಾಚಿಕೆಯಾಯಿತು. ಆ ನೀರು ತಳದ ಹಾಳೆಯನ್ನು ನೆನೆಸಿತು. ನೆನೆದ ಹಾಳೆ ಇಡ್ಲಿ ಗುಳಿಗೆ ಅಂಟಿತು. ಎತ್ತಿದಾಗ ಹರಿಯಿತು.

ರಾತ್ರಿ ಒಂದು ಹಾಳೆಯಲ್ಲಿ ತಪ್ಪುಗಳನ್ನು ಬರೆದುಕೊಂಡೆ. ಹೆಚ್ಚು ಕಮ್ಮಿ ಎಲ್ಲ ಸಾಲಿನಲ್ಲೂ 'ನೀರು' ಅನ್ನುವ ಪದ ಇತ್ತು.

ಬುಧವಾರ ರಾತ್ರಿ: ಹಿಟ್ಟಿನ ರಿಪೇರಿ

ದಾರಿ ತೋರಿಸಿದ್ದು ಅಮ್ಮ. "ಕಡುಬಿಗೆ ಅಕ್ಕಿ ಹಿಟ್ಟು ಉಕ್ಕರಿಸ್ತೀವಲ್ಲ, ಇದನ್ನೂ ಹಾಗೇ ಬಿಸಿನೀರಲ್ಲಿ ಕಲಸಿ ನೋಡು" ಅಂದಳು. ಆಮೇಲೆ ತಿಳಿಯಿತು, ಚೀನಾದಲ್ಲೂ ಇದೇ ಲೆಕ್ಕ. ನೀರಲ್ಲಿ ಕುದಿಸುವ ಡಂಪ್ಲಿಂಗ್‌ಗೆ ತಣ್ಣೀರಿನ ಹಿಟ್ಟು, ಹಬೆಯಲ್ಲಿ ಬೇಯಿಸುವುದಕ್ಕೂ ಬಾಣಲೆಯಲ್ಲಿ ಕೆಂಪಾಗಿಸುವುದಕ್ಕೂ ಬಿಸಿನೀರಿನ ಹಿಟ್ಟು. ಕುದಿನೀರು ಬಿದ್ದಾಗ ಮೈದಾದ ಪಿಷ್ಟ ಉಬ್ಬಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಜಿಗುಟು ಕೊಡುವ ಗ್ಲುಟೆನ್ನಿನ ಎಳೆತ ಕಮ್ಮಿಯಾಗುತ್ತದೆ. ಆಮೇಲೆ ಲಟ್ಟಿಸಿದ ಹಾಳೆ ಲಟ್ಟಿಸಿದಷ್ಟೇ ಅಗಲಕ್ಕೆ ನಿಲ್ಲುತ್ತದೆ.

ಶನಿವಾರದ ಪೂರ್ತಿ ಅಳತೆಯನ್ನು ಇಲ್ಲೇ ಹೇಳಿಬಿಡುತ್ತೇನೆ. 450 ಗ್ರಾಂ ಮೈದಾ, ಅರ್ಧ ಟೀ ಚಮಚ ಉಪ್ಪು, 240 ಮಿ.ಲೀ. ನೀರು. ನೀರನ್ನು ಕುದಿಸಿ, ಒಲೆ ಆರಿಸಿ, ಒಂದು ನಿಮಿಷ ಬಿಟ್ಟು ಸ್ವಲ್ಪ ಸ್ವಲ್ಪವಾಗಿ ಸುರಿಯಬೇಕು. ಕೈ ಹಾಕಬೇಡಿ, ಮೊದಲು ಸೌಟಿನ ಹಿಡಿಯಲ್ಲಿ ತಿರುವಿ. ಪುಡಿ ಪುಡಿಯಾಗಿ, ಕೆಟ್ಟುಹೋಯಿತೇನೋ ಅನ್ನಿಸುತ್ತದೆ. ಬಿಸಿ ತಡೆಯುವಷ್ಟಾದ ಮೇಲೆ ಐದಾರು ನಿಮಿಷ ನಾದಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಮರೆತುಬಿಡಿ. ನಾನು ಅವಸರಕ್ಕೆ ಹತ್ತೇ ನಿಮಿಷ ಬಿಟ್ಟು ಒಂದು ಉಂಡೆ ಲಟ್ಟಿಸಿ ನೋಡಿದೆ, ಅರ್ಧ ಗಂಟೆ ಬಿಟ್ಟು ಇನ್ನೊಂದು. ಮೊದಲನೆಯದರ ಅಂಚು ಒಡೆಯಿತು. ಎರಡನೆಯದು ಕಿವಿಯ ಹಾಲೆಯ ಹಾಗೆ ಮೆತ್ತಗಿತ್ತು.

ಉಂಡೆಯೊಂದು 13ರಿಂದ 14 ಗ್ರಾಂ, ಅಂದರೆ ದೊಡ್ಡ ನೆಲ್ಲಿಕಾಯಿಗಿಂತ ಸ್ವಲ್ಪ ಚಿಕ್ಕದು. ಮೊದಲ ಹತ್ತನ್ನು ತೂಕ ಮಾಡಿದೆ, ಆಮೇಲೆ ಕೈಗೇ ಗೊತ್ತಾಯಿತು. ಲಟ್ಟಿಸುವಾಗ ನಡುವೆ ದಪ್ಪ, ಅಂಚು ತೆಳ್ಳಗೆ ಇರಬೇಕು. ನಡುವನ್ನು ಬಿಟ್ಟು, ಅಂಚಿಂದ ಅರ್ಧದವರೆಗೆ ಮಾತ್ರ ಲಟ್ಟಣಿಗೆ ಆಡಿಸುತ್ತಾ ಎಡಗೈಯಲ್ಲಿ ಹಾಳೆ ತಿರುಗಿಸಬೇಕು. ನೆರಿಗೆ ಬೀಳುವುದು ಅಂಚಿನಲ್ಲಿ, ಭಾರ ಹೊರುವುದು ನಡು. ಎರಡೂ ಒಂದೇ ದಪ್ಪ ಇದ್ದರೆ ಒಂದೋ ಗಂಟು ಹಸಿ, ಇಲ್ಲವೇ ತಳ ತೂತು.

ಹೂರಣಕ್ಕೆ 600 ಗ್ರಾಂ ಕೋಸು, 150 ಗ್ರಾಂ ಕ್ಯಾರೆಟ್, ಎರಡನ್ನೂ ಸಣ್ಣಗೆ ಹೆಚ್ಚಿದ್ದು. ತುರಿದರೆ ಮುದ್ದೆಯಾಗುತ್ತದೆ, ಕಚ್ಚಿದಾಗ ಏನೂ ಸಿಗುವುದಿಲ್ಲ. ಒಂದೂವರೆ ಟೀ ಚಮಚ ಉಪ್ಪು ಸವರಿ ಇಪ್ಪತ್ತು ನಿಮಿಷ ಇಟ್ಟೆ. ಆಮೇಲೆ ಹಳೆ ಪಂಚೆಯ ತುಂಡಿನಲ್ಲಿ ಕಟ್ಟಿ ಹಿಂಡಿದೆ. ಮುಕ್ಕಾಲು ಲೋಟ ನೀರು ಬಂತು! ಮೊದಲ ಸಲ ಇದರ ಪಾಲು ಮೊಮೊದ ಒಳಗೇ ಇತ್ತಲ್ಲ ಅಂತ ಲೋಟ ನೋಡಿದಾಗ ಅರ್ಥವಾಯಿತು. ಆ ನೀರನ್ನು ಚೆಲ್ಲಲಿಲ್ಲ, ಮಾರನೇ ದಿನದ ಸಾರಿಗೆ ಹೋಯಿತು. ಹಿಂಡಿದ ಕೋಸಿಗೆ 200 ಗ್ರಾಂ ಪುಡಿ ಮಾಡಿದ ಪನೀರು, ಸಣ್ಣಗೆ ಹೆಚ್ಚಿ ಬಾಡಿಸಿ ಆರಿಸಿದ ಎರಡು ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಕಾಳುಮೆಣಸು, ಕೊತ್ತಂಬರಿ ಸೊಪ್ಪು, ಎರಡು ಚಮಚ ಎಣ್ಣೆ. ಉಪ್ಪನ್ನು ಮತ್ತೆ ಹಾಕುವ ಮುಂಚೆ ರುಚಿ ನೋಡಿ. ಕೋಸಿನಲ್ಲೇ ಸಾಕಷ್ಟು ಉಳಿದಿರುತ್ತದೆ.

ನೆರಿಗೆ

ಚೌತಿಗೆ ಮೋದಕ ಮಾಡಿದ ಕೈಗೆ ಮೊಮೊ ಹೊಸದೇನಲ್ಲ. ಆದರೆ ನಮ್ಮ ಮನೆಯಲ್ಲಿ ಆ ಕೈ ಅಮ್ಮನದು, ನನ್ನದಲ್ಲ. ಅವಳು ಮಾಡುವುದನ್ನು ಹತ್ತಿರದಿಂದ ನೋಡಿದೆ. ಹಾಳೆ ಎಡ ಅಂಗೈಯ ಗುಳಿಯಲ್ಲಿ. ಎಡ ಹೆಬ್ಬೆರಳು ಹೂರಣದ ಮೇಲೆ, ಒಳಕ್ಕೆ ಒತ್ತುತ್ತಾ ಇರುತ್ತದೆ. ಬಲ ಹೆಬ್ಬೆರಳು ಅಂಚಿನ ಒಂದು ಜಾಗ ಹಿಡಿದರೆ ಕೊನೆವರೆಗೂ ಅಲ್ಲಿಂದ ಕದಲುವುದಿಲ್ಲ. ತೋರು ಬೆರಳು ಮಾತ್ರ ಮುಂದೆ ಹೋಗಿ ಚೂರು ಅಂಚನ್ನು ತಂದು ಅದರ ಮೇಲೆ ಕೂರಿಸುತ್ತದೆ, ಮತ್ತೆ ಹೋಗುತ್ತದೆ, ಮತ್ತೆ ತರುತ್ತದೆ. ಎಡಗೈ ಅಷ್ಟಷ್ಟೇ ತಿರುಗುತ್ತಾ ಹೋಗುತ್ತದೆ. ಹದಿನಾಲ್ಕು ನೆರಿಗೆ ಆಗುವ ಹೊತ್ತಿಗೆ ಬಾಯಿ ತಾನಾಗಿ ಮುಚ್ಚಿರುತ್ತದೆ. ನಾನು ಎರಡೂ ಬೆರಳನ್ನು ಒಟ್ಟಿಗೆ ಓಡಿಸುತ್ತಿದ್ದೆ, ಅದಕ್ಕೇ ನೆರಿಗೆ ನೆಟ್ಟಗೆ ಬರುತ್ತಿರಲಿಲ್ಲ.

ಇನ್ನೊಂದು ಗುಟ್ಟನ್ನು ನಾನೇ ಕಂಡುಕೊಂಡೆ. ಕೆಲವು ಮೊಮೊ ಎಷ್ಟು ಒತ್ತಿದರೂ ಬಾಯಿ ಬಿಡುತ್ತಿದ್ದವು. ಹೂರಣದ ಎಣ್ಣೆ ಅಂಚಿಗೆ ತಾಗಿತ್ತು. ಎಣ್ಣೆ ತಾಗಿದ ಹಿಟ್ಟು ಅಂಟುವುದೇ ಇಲ್ಲ. ಹೂರಣಕ್ಕೆ ಒಂದು ಚಮಚ, ನೆರಿಗೆಗೆ ಒಣ ಬೆರಳು, ಇಷ್ಟು ಬೇರೆ ಬೇರೆ ಇಟ್ಟುಕೊಂಡರೆ ಸಾಕು. ಅಮ್ಮ ಒಂದು ಮಾಡಲು ನಲವತ್ತು ಸೆಕೆಂಡು, ನನಗೆ ಎರಡು ನಿಮಿಷ. ನೆರಿಗೆ ಬೇಡ ಅನ್ನುವವರು ಅರ್ಧಚಂದ್ರ ಮಡಚಿ, ಕರ್ಜಿಕಾಯಿ ಹಾಗೆ. ರುಚಿಗೇನೂ ಮೋಸವಿಲ್ಲ.

ಹಬೆಯ ರಿಪೇರಿ

ಗುಳಿ ಇರುವ ಇಡ್ಲಿ ತಟ್ಟೆ ಬಿಟ್ಟು ಇಡ್ಲಿ ಪಾತ್ರೆಯ ತೂತಿರುವ ಚಪ್ಪಟೆ ತಟ್ಟೆ ತೆಗೆದುಕೊಂಡೆ. ಎರಡು ಅಂತಸ್ತು, ಒಂದೊಂದರಲ್ಲಿ ಆರು. ಮೇಲೆ ಕೋಸಿನ ಹೊರ ಎಲೆ ಹಾಸಿದೆ, ಹೇಗೂ ಬಿಸಾಡುವಂಥದ್ದು. ಬಾಳೆ ಎಲೆಯೂ ಆಗುತ್ತದೆ. ಎಲೆ ತೂತುಗಳನ್ನು ಪೂರ್ತಿ ಮುಚ್ಚಬಾರದು, ಸುತ್ತ ಹಬೆಗೆ ದಾರಿ ಬಿಡಬೇಕು. ಮೊಮೊ ನಡುವೆ ಒಂದು ಬೆರಳು ಜಾಗ, ಯಾಕಂದರೆ ಬೇಯುವಾಗ ಉಬ್ಬಿ ಪಕ್ಕದ್ದಕ್ಕೆ ಅಂಟುತ್ತವೆ.

ತಳ ಸರಿಹೋಯಿತು. ಈಗ ಮೇಲೆ ತಕರಾರು. ಕೆಲವು ಮೊಮೊಗಳ ನೆತ್ತಿಯ ಮೇಲೆ ಬಿಳಿ ಮಚ್ಚೆ, ಮುಟ್ಟಿದರೆ ಲೋಳೆ. ಮುಚ್ಚಳದ ಒಳಗೆ ಕೂತ ಹಬೆ ನೀರಾಗಿ ಹನಿ ಹನಿ ಬೀಳುತ್ತಿತ್ತು. ಬಿದಿರಿನ ಬುಟ್ಟಿಯ ಮುಚ್ಚಳ ಈ ನೀರನ್ನು ಹೀರಿಕೊಳ್ಳುತ್ತದೆ, ಸ್ಟೀಲಿನದು ಹೀರಿಕೊಳ್ಳುತ್ತದಾ? ಮುಚ್ಚಳಕ್ಕೆ ಟವೆಲ್ ಸುತ್ತಿ ಮೇಲೆ ಗಂಟು ಹಾಕಿದೆ. ಅಷ್ಟೆ, ಮಚ್ಚೆ ಹೋಯಿತು. ಗಂಟು ಮೇಲೇ ಇರಲಿ, ತುದಿ ಇಳಿಬಿದ್ದರೆ ಒಲೆಯ ಬೆಂಕಿ ಹತ್ತುತ್ತದೆ.

ಹತ್ತು ನಿಮಿಷಕ್ಕೆ ಬೆಂದವು. ಹಾಳೆ ಹೊಳೆಯುತ್ತದೆ, ಬೆರಳು ಮುಟ್ಟಿದರೆ ಅಂಟುವುದಿಲ್ಲ. ಅದೇ ಗುರುತು. ಎರಡನೇ ಸಲಕ್ಕೆ ನೀರು ನೋಡದೆ ಇಟ್ಟು ಪಾತ್ರೆಯ ತಳ ಸೀದಿತು. ಅದಕ್ಕೂ ಅಮ್ಮನ ಹಳೆ ಉಪಾಯ ಇತ್ತು: ತೊಳೆದ ಎರಡು ರೂಪಾಯಿ ನಾಣ್ಯವೊಂದನ್ನು ನೀರಿನಲ್ಲಿ ಹಾಕುವುದು. ಕುದಿಯುವಷ್ಟು ಹೊತ್ತು ಕಟಕಟ ಅನ್ನುತ್ತಿರುತ್ತದೆ. ಸದ್ದು ನಿಂತರೆ ನೀರು ಮುಗಿದಿದೆ ಅಂತ ಅರ್ಥ.

ಚಟ್ನಿ, ಜುಮ್ಮನಕಾಯಿ

ಮೊಮೊಗೆ ಟಿಬೆಟಿಯನ್ನರು ಸೆಪೆನ್ ಅನ್ನುವ ಕೆಂಪು ಖಾರ ಮಾಡುತ್ತಾರೆ. ನನ್ನದು ಹೀಗೆ: ಹದಿನೈದು ಬ್ಯಾಡಗಿ, ನಾಲ್ಕು ಗುಂಟೂರು, ಮೂರು ಟೊಮೇಟೊ, ಎಂಟು ಎಸಳು ಬೆಳ್ಳುಳ್ಳಿ. ಮೆಣಸಿನಕಾಯಿ, ಟೊಮೇಟೊ ಬೇಯಿಸಿ, ಬೆಳ್ಳುಳ್ಳಿ, ಉಪ್ಪು ಸೇರಿಸಿ ರುಬ್ಬಿ, ಚೂರು ಎಣ್ಣೆಯಲ್ಲಿ ಕುದಿಸಿದ್ದು. ಬಣ್ಣ ಬ್ಯಾಡಗಿಯದು, ಖಾರ ಗುಂಟೂರಿನದು. ಆದರೆ ಕ್ಯಾಂಪಿನಲ್ಲಿ ತಿಂದಾಗ ನಾಲಿಗೆ ಮರಗಟ್ಟಿದ ಹಾಗಾಗಿತ್ತಲ್ಲ, ಅದು ಇದರಲ್ಲಿ ಇರಲಿಲ್ಲ. ಅದು ಸಿಚುವಾನ್ ಮೆಣಸಿನ ಕೆಲಸ. ಅಂಗಡಿಯಲ್ಲಿ ಸಣ್ಣ ಡಬ್ಬಿಗೆ ಹೇಳಿದ ಬೆಲೆ ಕೇಳಿ ವಾಪಸ್ ಇಟ್ಟೆ.

ಮನೆಗೆ ಬಂದು ಗೊಣಗುತ್ತಿದ್ದೆ. ಅಮ್ಮ ಡಬ್ಬಿಯೊಂದನ್ನು ತಡಕಿ ಒಣಗಿದ ಜುಮ್ಮನಕಾಯಿ ಮುಂದಿಟ್ಟಳು. ಕೊಂಕಣಿ ಮನೆಗಳಲ್ಲಿ ಬಂಗುಡೆ ಪದಾರ್ಥಕ್ಕೆ ಹಾಕುವ ತೆಪ್ಪಳ ಅಂದರೆ ಇದೇ. ಸಿಚುವಾನ್ ಮೆಣಸಿನ ಹತ್ತಿರದ ನೆಂಟ, ಎರಡೂ ಒಂದೇ ಕುಲದ ಗಿಡಗಳು. ಹೆಸರಲ್ಲೇ ಜುಮ್ಮು ಇದೆ, ನಾನು ಊರೆಲ್ಲ ಹುಡುಕಿದ್ದೆ! ಒಳಗಿನ ಕಪ್ಪು ಬೀಜ ತೆಗೆದು ಬಿಸಾಡಿ. ಅದು ಹಲ್ಲಿಗೆ ಮರಳು ಸಿಕ್ಕಿದ ಹಾಗಿರುತ್ತದೆ. ಸಿಪ್ಪೆಯನ್ನಷ್ಟೇ ಸ್ವಲ್ಪ ಬೆಚ್ಚಗೆ ಮಾಡಿ ಕುಟ್ಟಿ. ಇಷ್ಟು ಚಟ್ನಿಗೆ ಆರು ಕಾಯಿಯ ಸಿಪ್ಪೆ ಸಾಕು. ನಾನು ಮೊದಲು ಹನ್ನೆರಡು ಹಾಕಿ ಅರ್ಧ ಗಂಟೆ ಕಾಫಿಯ ರುಚಿ ಗೊತ್ತಾಗದೆ ಕೂತಿದ್ದೆ.

ಬಾಣಲೆ ಮೊಮೊ, ಅದರ ರೆಕ್ಕೆ

ಎಲ್ಲವನ್ನೂ ಹಬೆಯಲ್ಲೇ ಮಾಡಿದರೆ ಬೇಜಾರು. ಕೆಲವನ್ನು ತಳ ಕೆಂಪಾಗುವ ಹಾಗೆ ಮಾಡೋಣ ಅಂತ. ಚೀನೀಯರ ಗುವೊಟಿಯೆ ಇದೇ ಥರದ್ದು. ಆ ಹೆಸರಿನ ಅರ್ಥವೇ ಪಾತ್ರೆಗೆ ಅಂಟಿದ್ದು ಅಂತ. ನನ್ನ ಮೊದಲ ಸುತ್ತಿಗೆ ಆ ಹೆಸರು ಚೆನ್ನಾಗಿ ಒಪ್ಪುತ್ತಿತ್ತು. ಜಪಾನಿನಲ್ಲಿ ಇದು ಗ್ಯೋಜಾ. ಅಲ್ಲಿ ಕೆಲವರು ತೆಳು ಹಿಟ್ಟಿನ ನೀರು ಸುರಿದು ಸುತ್ತ ಗರಿಗರಿ ಜಾಲರಿ ಬರಿಸುತ್ತಾರೆ, ಅದಕ್ಕೆ ರೆಕ್ಕೆ ಅನ್ನುತ್ತಾರೆ.

ನೀರುದೋಸೆ ಮಾಡುವವರಿಗೆ ಇದು ಸುಲಭ ಅಂದುಕೊಂಡಿದ್ದೆ. ಒಂದು ಟೇಬಲ್ ಚಮಚ ಮೈದಾವನ್ನು ಅರ್ಧ ಲೋಟ ನೀರಿಗೆ ಹಾಕಿ ಸುರಿದೆ. ಗೋಂದಿನ ಹಾಗೆ ಬಂತು. ಎರಡನೇ ಸಲ ಒಂದು ಟೀ ಚಮಚ ಮೈದಾ, ಒಂದು ಟೀ ಚಮಚ ಕಾರ್ನ್‌ಫ್ಲೋರ್, 100 ಮಿ.ಲೀ. ನೀರು. ಎರಡು ಚಮಚ ಎಣ್ಣೆ ಕಾದ ನಾನ್‌ಸ್ಟಿಕ್ ಬಾಣಲೆಯಲ್ಲಿ ಎಂಟು ಮೊಮೊ ಇಟ್ಟು, ತಳ ಕೆಂಪಾಗುವವರೆಗೆ ಎರಡು ನಿಮಿಷ. ಹಿಟ್ಟಿನ ನೀರು ಸುರಿದು ಮುಚ್ಚಿ ಏಳು ನಿಮಿಷ. ಆಮೇಲೆ ಮುಚ್ಚಳ ತೆಗೆದು ಕಾಯುವುದು. ಇಲ್ಲಿ ಕಣ್ಣಿಗಿಂತ ಕಿವಿ ಮುಖ್ಯ. ಮೊದಲು ಕೊತಕೊತ ಅನ್ನುತ್ತದೆ, ಅದು ನೀರು. ಆಮೇಲೆ ಚಟಪಟ ಶುರುವಾಗುತ್ತದೆ, ಅದು ಎಣ್ಣೆ. ಚಟಪಟ ಸಣ್ಣಗಾದಾಗ ಅಂಚು ತಾನೇ ಬಾಣಲೆ ಬಿಟ್ಟು ಏಳುತ್ತದೆ. ತಟ್ಟೆ ಬೋರಲು ಮುಚ್ಚಿ ಬಾಣಲೆ ತಿರುವಿ ಹಾಕಿದೆ. ಹೊಂಬಣ್ಣದ ಜಾಲರಿ ಮೇಲೆ ಬಂತು. ಒಬ್ಬನೇ ಇದ್ದೆ, ಆದರೂ ಜೋರಾಗಿ ಶಿಳ್ಳೆ ಹೊಡೆದೆ.

ಅಕ್ಕಿ ಹಾಳೆ, ಸೌತೆಕಾಯಿ

ವಿಯೆಟ್ನಾಮಿನ ರೋಲ್‌ಗೆ ಒಲೆ ಬೇಡ. ಸೂಪರ್‌ಮಾರ್ಕೆಟ್‌ನಲ್ಲಿ ಅಕ್ಕಿ ಹಾಳೆಯ ಪ್ಯಾಕೆಟ್ ಸಿಕ್ಕಿತು. ತೆಗೆದು ನೋಡಿದ ಅಮ್ಮ, "ತೊಡದೇವು ಹೀಗೇ ಇರೋದಲ್ವಾ" ಅಂದಳು. ಕಾದ ಮಡಕೆಯನ್ನು ಬೋರಲು ಹಾಕಿ, ಮೇಲೆ ಅಕ್ಕಿ ಹಿಟ್ಟಿನಲ್ಲಿ ಅದ್ದಿದ ಬಟ್ಟೆ ಎಳೆದು ತೊಡದೇವು ಮಾಡುತ್ತಾರೆ. ವಿಯೆಟ್ನಾಮಿನವರು ಕುದಿಯುವ ಪಾತ್ರೆಯ ಬಾಯಿಗೆ ಬಟ್ಟೆ ಬಿಗಿದು, ಅದರ ಮೇಲೆ ಹಿಟ್ಟು ಹರಡಿ, ಬೆಂದದ್ದನ್ನು ಬಿದಿರಿನ ತಟ್ಟಿಯ ಮೇಲೆ ಒಣಗಿಸುತ್ತಾರೆ.

ಇಲ್ಲಿ ತಪ್ಪುವುದು ಒಂದೇ ಕಡೆ, ನೆನೆಸುವುದರಲ್ಲಿ. ಮೆತ್ತಗಾಗುವವರೆಗೆ ನೀರಲ್ಲಿ ಬಿಟ್ಟರೆ ಎತ್ತುವಾಗಲೇ ಮುದ್ದೆ. ತಣ್ಣೀರಿನಲ್ಲಿ ನಾಲ್ಕು ಸೆಕೆಂಡು ಅದ್ದಿ, ಇನ್ನೂ ಗಟ್ಟಿ ಇರುವಾಗಲೇ ಒದ್ದೆ ಮಣೆಯ ಮೇಲೆ ಹಾಕಿ. ಹೂರಣ ಜೋಡಿಸುವಷ್ಟರಲ್ಲಿ ಅದೇ ಮೆತ್ತಗಾಗುತ್ತದೆ. ಅಲ್ಲಿಯವರು ಸಿಗಡಿ, ಹಂದಿ ಮಾಂಸ, ಅಕ್ಕಿ ಶ್ಯಾವಿಗೆ, ಸೊಪ್ಪು ಇಡುತ್ತಾರೆ. ನಾನು ಒತ್ತು ಶ್ಯಾವಿಗೆ, ಪುದೀನ, ಕ್ಯಾರೆಟ್, ತೋತಾಪುರಿ ಮಾವು ಇಟ್ಟೆ. ನಂಚಿಕೊಳ್ಳಲು ಹುರಿದ ಶೇಂಗಾ, ಸೋಯಾ ಸಾಸ್, ಬೆಲ್ಲ, ನಿಂಬೆರಸ ರುಬ್ಬಿದ್ದು. ಸುತ್ತಿಟ್ಟ ರೋಲನ್ನು ಫ್ರಿಜ್ಜಿನಲ್ಲಿ ಇಡಬೇಡಿ, ಚರ್ಮದ ಹಾಗೆ ಬಿರುಸಾಗುತ್ತದೆ.

ಸೌತೆಕಾಯಿ ಬಗ್ಗೆ ಬರೆಯಲು ಜಾಸ್ತಿ ಏನಿಲ್ಲ. ಲಟ್ಟಣಿಗೆಯಲ್ಲಿ ಎರಡು ಏಟು ಹಾಕಿ, ಮುರಿದು, ಉಪ್ಪು ಸವರಿ ಕಾಲು ಗಂಟೆ ಬಿಟ್ಟು ನೀರು ಬಸಿದು, ಬೆಳ್ಳುಳ್ಳಿ, ಸೋಯಾ, ವಿನೆಗರ್, ಚೂರು ಸಕ್ಕರೆ. ಕತ್ತರಿಸಿದ ಹೋಳಿಗಿಂತ ಜಜ್ಜಿದ ಹೋಳಿಗೆ ರಸ ಚೆನ್ನಾಗಿ ಹಿಡಿಯುತ್ತದೆ. ಒಂದು ಮಾತು: ನಮ್ಮ ಎಳ್ಳೆಣ್ಣೆ ಹಸಿ ಎಳ್ಳಿನದು, ಚೀನೀಯರದು ಹುರಿದ ಎಳ್ಳಿನದು. ಆ ಘಮ ಬೇಕಾದರೆ ಒಂದು ಚಮಚ ಎಳ್ಳು ಹುರಿದು ಕುಟ್ಟಿ ಹಾಕಿ.

ಶನಿವಾರ

ಐವತ್ತು ಮೊಮೊಗಳನ್ನೂ ಶುಕ್ರವಾರ ರಾತ್ರಿಯೇ ಮಾಡಿ ಫ್ರೀಜರಿಗೆ ಹಾಕಿದ್ದೆವು. ಹಸಿ ಮೊಮೊವನ್ನು ಫ್ರಿಜ್ಜಿನಲ್ಲಿ ಸುಮ್ನೆ ಇಟ್ಟರೆ ಬೆಳಗಾಗುವಷ್ಟರಲ್ಲಿ ತಳ ಒದ್ದೆಯಾಗಿರುತ್ತದೆ. ಮೊದಲು ತಟ್ಟೆಯಲ್ಲಿ ಬಿಡಿ ಬಿಡಿಯಾಗಿ ಇಟ್ಟು, ಕಲ್ಲಿನ ಹಾಗಾದ ಮೇಲೆ ಡಬ್ಬಿಗೆ ತುಂಬಬೇಕು. ಕರಗಿಸದೆ ನೇರವಾಗಿ ಹಬೆಗೆ, ಹತ್ತರ ಬದಲು ಹದಿನಾಲ್ಕು ನಿಮಿಷ.

ಹಬೆಯದು ಎರಡು ಸುತ್ತಿನಲ್ಲಿ ಇಪ್ಪತ್ತನಾಲ್ಕು. ಬಾಣಲೆಯದು ಎಂಟು ಮತ್ತು ಏಳು. ಮೊದಲ ರೆಕ್ಕೆ ಪೂರ್ತಿ ಬಂತು. ಎರಡನೆಯದು ತಿರುವುವಾಗ ಮಾತಿಗೆ ಕಿವಿಗೊಟ್ಟು ಚಟಪಟ ಕೇಳಿಸಿಕೊಳ್ಳಲಿಲ್ಲ, ಅರ್ಧ ರೆಕ್ಕೆ ಬಾಣಲೆಯಲ್ಲೇ ಉಳಿಯಿತು. ರೋಲ್‌ಗಳನ್ನು ನಾನು ಸುತ್ತಲೇ ಇಲ್ಲ. ನೀರಿನ ತಟ್ಟೆ, ಅಕ್ಕಿ ಹಾಳೆ, ಹೂರಣ ಎಲ್ಲ ಮೇಜಿನ ಮೇಲಿಟ್ಟು ಅವರವರೇ ಸುತ್ತಿಕೊಳ್ಳಿ ಅಂದೆ. ಇಂಜಿನಿಯರ್ ಒಬ್ಬ ಮೂರು ಹಾಳೆ ಹರಿದು ನಾಲ್ಕನೆಯದರಲ್ಲಿ ಹಟಕ್ಕೆ ಬಿದ್ದು ಕೂತ. ಚಟ್ನಿ ತಿಂದ ಗೆಳತಿ ತುಟಿ ಮುಟ್ಟಿಕೊಂಡು, "ಇದೇನೋ ಹಾಕಿದೀಯ, ಕರೆಂಟ್ ಹೊಡೆದ ಹಾಗಿದೆ" ಅಂದಳು. ಅಮ್ಮ ಜುಮ್ಮನಕಾಯಿ ಡಬ್ಬಿಯನ್ನೇ ತಂದು ತೋರಿಸಿದಳು.

ಬಿಸಿಬೇಳೆಬಾತಿಗೆ ಹೊಟ್ಟೆಯಲ್ಲಿ ಜಾಗ ಇರಲಿಲ್ಲ, ಮೊಸರನ್ನ ಮಾತ್ರ ಖಾಲಿಯಾಯಿತು. ಹೂರಣ ಒಂದು ಬಟ್ಟಲು ಮಿಕ್ಕಿತ್ತು, ಭಾನುವಾರ ಚಪಾತಿಗೆ ಪಲ್ಯವಾಯಿತು. ಹನ್ನೊಂದು ಮೊಮೊ ಇನ್ನೂ ಫ್ರೀಜರಿನಲ್ಲಿವೆ. ಸೋಮವಾರ ಬೆಳಗ್ಗೆ ಇಡ್ಲಿಗೆ ಇಟ್ಟಾಗ ಪಾತ್ರೆ ಕಟಕಟ ಅನ್ನತೊಡಗಿತು. ನಾಣ್ಯ ತೆಗೆಯಲು ಇಬ್ಬರೂ ಮರೆತಿದ್ದೆವು.